ಎಡಗಾಲಿನ ಕೆಲಸ

“ಇನ್ನೊಂದ್ಸಲ! ಜೋರಾಗಿ ತಳ್ರಪ್ಪಾ!” ಎಂದು ಕಾರುಗಳ ತಗಡು ಬಡಿಯುವ ಟಿಂಕರ್ ಕೂಗಿದ.

ಹೆಣ ಹೊರಲು ಬಂದವರೆಲ್ಲ ಕೆಂಪು ಕಾರಿನ ಬೆನ್ನಿಗೆ ಭುಜ ಕೊಟ್ಟು ಏದುಸಿರು ಬಿಟ್ಟರು. ಕಾರು ಜಪ್ಪಯ್ಯ ಅನ್ನಲಿಲ್ಲ. ಎರಡೇ ಸೀಟಿನ, ನೆಲಕ್ಕೆ ಅಂಟಿಕೊಂಡಂಥ ಹಳೆಯ ಸ್ಪೋರ್ಟ್ಸ್ ಕಾರು. ಮನೆಯ ಬಾಗಿಲಿಗೂ ಬೀದಿಯ ಗೇಟಿಗೂ ನಡುವಿನ ಓಣಿಯೇ ಮೆಕ್ಯಾನಿಕ್ಕನ ಶೆಡ್ಡು. ಕಾರು ಅದನ್ನು ತುಂಬಿಕೊಂಡು ನಿಂತಿತ್ತು. ಬದುಕಿದ್ದವರು ಗೋಡೆ ಸವರಿಕೊಂಡು ಅಡ್ಡಡ್ಡ ನುಸುಳಬಹುದಿತ್ತು. ಸತ್ತು ಒಳಗೆ ಮಲಗಿದ್ದ ಮೆಕ್ಯಾನಿಕ್ಕನಿಗೆ ಆ ಅನುಕೂಲ ಇರಲಿಲ್ಲ. ಬೀದಿಯಲ್ಲಿ ಶವದ ವ್ಯಾನಿನ ಡ್ರೈವರು ಆಗಲೇ ಗೊಣಗಲು ಶುರುಮಾಡಿದ್ದ.

ಟಿಂಕರ್ ಕೈ ಒರೆಸಿಕೊಳ್ಳುತ್ತ ಒಳಗೆ ಬಂದ. ಮೆಕ್ಯಾನಿಕ್ಕನ ಹೆಂಡತಿ ಮಂಚದ ಪಕ್ಕ ಸ್ಟೂಲಿನ ಮೇಲೆ ಕೂತಿದ್ದಳು, ಊರುಗೋಲು ಗೋಡೆಗೆ ಒರಗಿತ್ತು.

“ಗೇರು ಕಚ್ಕೊಂಡಿದೆ ಅತ್ತಿಗೆ. ಗೇರಿನ ಕೋಲನ್ನೇ ಅಣ್ಣ ಇನ್ನೂ ಹಾಕಿಲ್ಲ, ತಪ್ಸೋದು ಹೇಗೆ? ಕ್ಲಚ್ ಹಿಡಿದ್ರೆ ಉರುಳುತ್ತೆ. ಆದ್ರೆ ಪೆಡಲ್ ಒತ್ತಿದ್ರೆ ಬೆಣ್ಣೇಲಿ ಕಾಲಿಟ್ಟ ಹಾಗಾಗುತ್ತೆ. ಎಣ್ಣೆ ಇರ್ಬೇಕಾದ ಪೈಪ್ ತುಂಬ ಬರೀ ಗಾಳಿ.”

“ಕೆಳಗೆ ಹೋಗಿ ಏನಾದ್ರೂ ಬಿಚ್ಚೋಕಾಗಲ್ವಾ?” ಎಂದಳು ಪಕ್ಕದಲ್ಲಿದ್ದ ಅವಳ ತಂಗಿ.

“ಆಗುತ್ತಮ್ಮಾ.” ಟಿಂಕರ್ ತಲೆ ತಗ್ಗಿಸಿದ. “ಬೆಳಿಗ್ಗೆ ಆ ಅಡಿಯಿಂದಾನೇ ಅಣ್ಣನ್ನ ಎಳೆದಿದ್ದು ನಾನು. ಎದೆಬಡಿತ ನಿಂತು ಎಷ್ಟೊತ್ತಾಗಿತ್ತೋ, ಸ್ಪ್ಯಾನರ್ ಮಾತ್ರ ಇನ್ನೂ ಮುಷ್ಟೀಲಿತ್ತು. ಮುಖ ಮೇಲಕ್ಕೆ, ಬಾಯಿ ತೆರ್ಕೊಂಡು, ಏನೋ ಹೇಳ್ತಾ ಇದ್ದವರ ಹಾಗೆ. ಮತ್ತೆ ಅಲ್ಲಿಗೆ ನುಗ್ಗೋದು ನನ್ನ ಕೈಲಾಗಲ್ಲ.”

ಏನು ಹೇಳುತ್ತಿದ್ದ ಎಂಬುದು ಹೆಂಡತಿಗೆ ಗೊತ್ತಿತ್ತು.

*

ಆ ಕಾರನ್ನು ಅವನು ತಂದದ್ದೇ ಅವಳಿಗಾಗಿ. ಹಳೇ ಜ್ವರವೊಂದು ಅವಳ ಎಡಗಾಲನ್ನು ಮೊಣಕಾಲಿನಿಂದ ಕೆಳಕ್ಕೆ ಮರಗಟ್ಟಿಸಿ ಹೋಗಿತ್ತು. ಆಗ ಅದು ಆಟೋಮ್ಯಾಟಿಕ್ ಕಾರು: ಕ್ಲಚ್ ಇಲ್ಲ, ಎಡಗಾಲು ಬೇಕಿಲ್ಲ. ನಡೆಯುವಾಗ ಕುಂಟುವವಳು ಕೂತರೆ ಹಾರುತ್ತಿದ್ದಳು, ಅಡ್ಡ ಬಂದವರಿಗೆ ಬಾಯಿ ತುಂಬ ಬೈಯುತ್ತಿದ್ದಳು. ಕೊನೆಗೊಂದು ದಿನ ಗೇರ್ ಪೆಟ್ಟಿಗೆ ಕೈಕೊಟ್ಟಿತು. ಅದರ ಭಾಗಗಳು ಎಲ್ಲೂ ಸಿಗಲಿಲ್ಲ.

ಮೆಕ್ಯಾನಿಕ್ ಅದನ್ನು ಕಿತ್ತು, ಕೈಯಿಂದ ಹಾಕುವ ಗೇರು ಕೂರಿಸತೊಡಗಿದ. ಬ್ರೇಕಿನ ಎಡಕ್ಕೆ ಹೊಸದೊಂದು ಕ್ಲಚ್ ಪೆಡಲ್ ಬಂತು.

“ಇದನ್ನ ಯಾರು ಒತ್ತೋದು ರೀ?” ಎಂದು ಅವಳು ಕೇಳಿದಳು.

“ನೀನೇ ಕಣೆ. ಆ ಕಾಲು ಸತ್ತಿಲ್ಲ, ಕೆಲಸ ಇಲ್ದೆ ಮಲಗಿದೆ ಅಷ್ಟೆ. ಆಟೋಮ್ಯಾಟಿಕ್ ತಂದ್ಕೊಟ್ಟು ನಾನೇ ಅದನ್ನ ಮಲಗಿಸ್ದೆ.”

“ನನ್ನ ಕಾಲೇನು ನಿಮ್ಮ ಶೆಡ್ಡಿನ ಸಾಮಾನಾ, ಬಿಚ್ಚಿ ರಿಪೇರಿ ಮಾಡೋಕೆ?”

ತನ್ನ ಕಾರನ್ನು ಕಿತ್ತುಕೊಂಡು ತನಗೇ ಬುದ್ಧಿ ಹೇಳುತ್ತಿದ್ದಾನೆಂದು ಅವಳಿಗೆ ಮೈಯೆಲ್ಲ ಉರಿಯಿತು. ಮಾತು ಬಿಟ್ಟಳು.

ಕ್ಲಚ್ಚಿನ ಪೈಪಿನಿಂದ ಗಾಳಿ ತೆಗೆಯುವುದು ಇಬ್ಬರ ಕೆಲಸ. ಒಬ್ಬರು ಮೇಲೆ ಪೆಡಲ್ ಒತ್ತಬೇಕು, ಇನ್ನೊಬ್ಬರು ಕೆಳಗೆ ಮಲಗಿ ಸ್ಕ್ರೂ ಸಡಿಲಿಸಬೇಕು. ಒತ್ತು, ಹಿಡಿ, ಬಿಡು: ಕೆಳಗಿನವನು ಹೇಳಿದ ಹಾಗೆ ಮೇಲಿನವನು ಕೇಳಬೇಕು. “ನಾನು ಬಿಡು ಅನ್ನೋವರೆಗೂ ಕಾಲೆತ್ಬಾರ್ದು,” ಎನ್ನುತ್ತಿದ್ದ ಅವನು. “ಎತ್ತಿದ್ರೆ ಗಾಳಿ ವಾಪಸ್ ನುಗ್ಗಿ ಮಾಡಿದ್ದೆಲ್ಲ ಮಣ್ಣುಪಾಲು.”

ಈ ದಿನ ಬೆಳಗ್ಗೆ ಅವನು ಕಾರಿನಡಿಗೆ ಸರಿಯುವ ಮೊದಲು ಕರೆದಿದ್ದ. “ಬಾರೇ, ಒಂಚೂರು ಒತ್ತು ಬಾ. ಕೈಯಿಂದ ತಳ್ಳಿದ್ರೂ ಸರಿ.”

ಅವಳು ಗೋಡೆಯ ಕಡೆ ಹೊರಳಿ ಮಲಗಿದ್ದಳು. ಅವನು ಕೆಳಗಿನಿಂದ “ಒತ್ತು” ಎಂದದ್ದು ಕೇಳಿಸಿತು. ಖಾಲಿ ಸೀಟಿಗೆ ಹೇಳುತ್ತಿದ್ದಾನಲ್ಲ, ಎಂಥ ಮೊಂಡ ಎಂದುಕೊಂಡಳು. ಸ್ವಲ್ಪ ಹೊತ್ತಿಗೆ ಮತ್ತೆ “ಒತ್ತು.” ಆಮೇಲೆ ಏನೂ ಕೇಳಲಿಲ್ಲ.

*

ಟಿಂಕರ್ ಮತ್ತೊಮ್ಮೆ ತಳ್ಳಿಸಲು ಹೊರಗೆ ಹೋದ. ತಂಗಿಯೂ ಬಾಗಿಲಿಗೆ ಹೋಗಿ ನಿಂತಳು. ಕೋಣೆಯಲ್ಲಿ ಗಂಡ ಹೆಂಡತಿ ಇಬ್ಬರೇ ಉಳಿದರು.

“ಒತ್ತು.”

ದನಿ ಮಂಚದಿಂದ ಬರಲಿಲ್ಲ. ನೆಲದಿಂದ ಬಂತು, ಸ್ಟೂಲಿನ ಅಡಿಯಿಂದ, ಅಂಗಾತ ಮಲಗಿದವನ ದನಿ. ಅದರಲ್ಲಿ ಕೋಪವಿರಲಿಲ್ಲ, ಅಕ್ಕರೆಯೂ ಇರಲಿಲ್ಲ. ಕೆಲಸದ ದನಿ ಅಷ್ಟೆ. ಹೊದಿಕೆಯ ಕೆಳಗಿನ ಮುಖ ಅಲುಗಲಿಲ್ಲ.

“ಬಂದೆ ರೀ,” ಎಂದಳು, ತುಟಿಯಲ್ಲೇ.

ಬರಿಯ ನೆಲದ ಮೇಲೆ ಅವಳ ಎಡಗಾಲು ಮುಂದಕ್ಕೆ ಸರಿಯಿತು. ಅವಳು ಅದನ್ನು ಸರಿಸಿರಲಿಲ್ಲ. ಬೆರಳುಗಳು ಬಾಗಿದವು, ಪಾದ ಏನನ್ನೋ ತಡವಿ, ಹುಡುಕಿ, ಮೆಲ್ಲಗೆ ಕೆಳಕ್ಕಿಳಿಯಿತು. ಅಂಗಾಲಿಗೆ ಪೆಡಲಿನ ಗೀರುಗೀರಾದ ರಬ್ಬರು ತಾಗಿತು.

ಹೊರಗೆ “ಅಯ್ಯಯ್ಯೋ, ಹಿಡ್ಕೊಳ್ರೋ!” ಎಂಬ ಕೂಗೆದ್ದಿತು.

“ಹಿಡಿ,” ಎಂದಿತು ನೆಲ.

ಹಿಡಿದಳು. ಕಾರು ಸದ್ದಿಲ್ಲದೆ ಉರುಳಿ ಗೇಟು ದಾಟಿತು. ಓಣಿ ತೆರವಾಯಿತು. ನಾಲ್ವರು ಬಂದು ಮೆಕ್ಯಾನಿಕ್ಕನನ್ನು ಎತ್ತಿಕೊಂಡರು.

“ಏಳಕ್ಕಾ, ಗೇಟಿನ ತನಕ ಹೋಗೋಣ,” ಎಂದು ತಂಗಿ ತೋಳು ಹಿಡಿದಳು. ಅವಳು ಏಳಲಿಲ್ಲ. ತಂಗಿ ಅಳುತ್ತ ಹೆಣದ ಹಿಂದೆ ಹೋದಳು.

ಟಿಂಕರ್ ಓಡಿ ಬಂದ.

“ಅತ್ತಿಗೆ, ಕಾರಲ್ಲಿ ಯಾರೂ ಕೂತಿಲ್ಲ. ಕ್ಲಚ್ ಪೆಡಲ್ ತಳಕ್ಕೆ ಅಂಟ್ಕೊಂಡಿದೆ. ಎರಡು ಕೈಲಿ ಎಳೆದ್ರೂ ಮೇಲಕ್ಕೆ ಬರ್ತಿಲ್ಲ.”

“ಎಳೀಬೇಡಪ್ಪಾ,” ಎಂದಳು ಅವಳು. “ಗಾಳಿ ಒಳಗೆ ನುಗ್ಗುತ್ತೆ.”

ಬೀದಿಯಲ್ಲಿ ವ್ಯಾನಿನ ಬಾಗಿಲು ಮುಚ್ಚಿತು, ಎಂಜಿನ್ ಶುರುವಾಯಿತು. ಅವಳು ನೆಲದ ಕಡೆ ಕಿವಿಕೊಟ್ಟು ಕೂತಳು. ಎಷ್ಟೋ ವರ್ಷಗಳಿಂದ ಏನೂ ಅರಿಯದ ಮೀನಖಂಡದಲ್ಲಿ ನೋವು ಏರುತ್ತಿತ್ತು, ಕಾಲು ಗಡಗಡ ನಡುಗುತ್ತಿತ್ತು. ವ್ಯಾನಿನ ಸದ್ದು ತಿರುವಿನಲ್ಲಿ ಅಡಗಿತು. ನೆಲ “ಬಿಡು” ಎನ್ನಲಿಲ್ಲ. ಅವಳು ಎರಡೂ ಕೈಯಿಂದ ಮೊಣಕಾಲನ್ನು ಅದುಮಿ, ಇನ್ನಷ್ಟು ಬಲವಾಗಿ ಒತ್ತಿ ಹಿಡಿದಳು.