ಸೊಸೆಯನ್ನು ಅಳಿಸುವ ಗೆಡ್ಡೆ

ಸೆಫೆರಿನಾಳ ಅಟ್ಟದಲ್ಲಿ ಬೀಜದ ಆಲೂಗೆಡ್ಡೆ ಕಡಿಮೆಯಾಗಿತ್ತು. ಬೇರೆಯವರಿಗಾದರೆ ಗೊತ್ತೂ ಆಗುತ್ತಿರಲಿಲ್ಲ. ಒಣಹುಲ್ಲು ಹಾಸಿ, ಹುಳ ಹತ್ತದಂತೆ ಘಾಟು ಸೊಪ್ಪು ಹೊದಿಸಿ, ನಲವತ್ತೊಂದು ಬಗೆಯ ಗೆಡ್ಡೆಗಳನ್ನು ಸಾಲುಸಾಲಾಗಿ ಇಟ್ಟವಳು ಅವಳು. ಕಣ್ಣು ಮುಚ್ಚಿ ಕೈಯಾಡಿಸಿದರೂ ಯಾವ ಸಾಲು ಸಡಿಲವಾಗಿದೆಯೆಂದು ಹೇಳಬಲ್ಲಳು. ಈಗ ಪ್ರತಿ ಸಾಲಿನಲ್ಲೂ ಎರಡೆರಡು ಹೋಗಿದ್ದವು. ಇಲಿಯಾಗಿದ್ದರೆ ಒಂದೇ ಕಡೆ ಕೂತು ಹೊಟ್ಟೆ ತುಂಬಿಸಿಕೊಳ್ಳುತ್ತಿತ್ತು. ಒಂದು ಬಗೆಯನ್ನೂ ಬಿಡದೆ ಎರಡೆರಡೇ ಎತ್ತುವಷ್ಟು ಬುದ್ಧಿ ಇಲಿಗೆಲ್ಲಿಂದ ಬರಬೇಕು? ಬುದ್ಧಿಯಿರುವವರು ಆ ಮನೆಯಲ್ಲಿ ಮೂವರು. ಒಬ್ಬಳು ತಾನು. ಮಗ ಇಲಾರಿಯೊ ವಾರಕ್ಕೆ ಆರು ದಿನ ಪೀಸಾಕ್ ರಸ್ತೆಯಲ್ಲಿ ವ್ಯಾನು ಓಡಿಸುತ್ತಾನೆ. ಉಳಿದವಳು ಸೊಸೆ ಲಿಸ್ಬೆತ್.

ಆ ಸೊಸೆಯ ಮೇಲಿನ ಗುಮಾನಿ ಇವತ್ತಿನದಲ್ಲ, ಹೆಣ್ಣು ಕೇಳಲು ಹೋದ ದಿನದ್ದು. ಆ ಬೆಟ್ಟದ ಊರುಗಳಲ್ಲಿ ಮದುವೆಗೆ ಮುಂಚೆ ಹುಡುಗಿಯ ಕೈಗೆ ಒಂದು ಗೆಡ್ಡೆ ಕೊಡುತ್ತಾರೆ. ಮೈಯೆಲ್ಲ ಗಂಟು, ಎರಡು ಗಂಟಿನ ಸಂದಿಯಲ್ಲಿ ಮತ್ತೊಂದು ಗಂಟು. ಹೆರೆಯುವವಳ ಕಣ್ಣಲ್ಲಿ ನೀರು ತರಿಸುವ ಅದರ ಹೆಸರೇ ‘ಸೊಸೆಯನ್ನು ಅಳಿಸುವುದು’. ತಿರುಳು ಪೋಲಾಗದಂತೆ ಸಿಪ್ಪೆ ಹೆರೆದರೆ ಹುಡುಗಿಗೆ ತಾಳ್ಮೆಯಿದೆ, ಸಂಸಾರ ತೂಗಿಸುತ್ತಾಳೆ ಎಂದು ಲೆಕ್ಕ. ಸೆಫೆರಿನಾ ತನ್ನ ಕಾಲದಲ್ಲಿ ಅರ್ಧ ದಿನ ಕೂತು, ಎರಡು ಸಲ ಬೆರಳು ಕೊಯ್ದುಕೊಂಡು ಹೆರೆದಿದ್ದಳು. ಕಾಲ್ಕಾ ಪಟ್ಟಣದಲ್ಲಿ ಬೆಳೆದ ಈ ಹುಡುಗಿ ಚಾಕುವನ್ನು ಬದಿಗಿಟ್ಟಳು, ಗೆಡ್ಡೆಯನ್ನು ಇಡಿಯಾಗಿ ಬೇಯಿಸಿದಳು, ಹೆಬ್ಬೆರಳಿನಿಂದ ಉಜ್ಜಿ ಸಿಪ್ಪೆ ಜಾರಿಸಿ ತಟ್ಟೆಯಲ್ಲಿಟ್ಟಳು. ಗಂಡಸರೆಲ್ಲ ಬಿದ್ದು ಬಿದ್ದು ನಕ್ಕರು. ಸೆಫೆರಿನಾ ನಗಲಿಲ್ಲ. ಕಾಯುವುದು ಗೊತ್ತಿಲ್ಲದವಳು ಮನೆಗೆ ಬರುತ್ತಿದ್ದಾಳೆ ಎಂದು ಅವತ್ತೇ ತೀರ್ಮಾನಿಸಿಬಿಟ್ಟಳು.

ಈ ವರ್ಷ ಅದಕ್ಕೆ ತಕ್ಕಂತೆ ಕುಸ್ಕೊ ನಗರದಿಂದ ಒಬ್ಬ ವ್ಯಾಪಾರಿ ಬಿಳಿ ಗಾಡಿಯಲ್ಲಿ ಬರತೊಡಗಿದ್ದ. ಬಣ್ಣಬಣ್ಣದ ಹಳೆಯ ತಳಿಗಳನ್ನು ಹೆಚ್ಚಿ, ಕರಿದು, ಪೊಟ್ಟಣ ಕಟ್ಟಿ ಮಾರುವವನಂತೆ. ಚೀಲ ಗಾಡಿಗೇರುವ ಮೊದಲೇ ಕೈಗೆ ಹಣ. ಪಕ್ಕದ ಮನೆಯ ಬಾಸಿಲಿಯಾ ಬೀಜಕ್ಕಿಟ್ಟಿದ್ದನ್ನೂ ಬಿಡದೆ ತೂಕಕ್ಕೆ ಹಾಕಿ, ಗೋಡೆಯಗಲದ ಟೀವಿ ತಂದಿದ್ದಳು.

“ಬರೋ ವರ್ಷ ಏನನ್ನ ಬಿತ್ತೀಯೇ, ಟೀವೀನಾ?” ಎಂದು ಸೆಫೆರಿನಾ ಕೇಳಿದಳು.

“ಪೇಟೇಲಿ ಬಿಳೀ ಆಲೂಗೆಡ್ಡೆ ಬೀಜ ಬೇಕಾದಷ್ಟು ಸಿಗತ್ತಕ್ಕ. ನೀನು ಮೊಮ್ಮಕ್ಕಳ ಕಾಲದ ಚಿಂತೆ ಮಾಡ್ತಾ ಕೂತ್ಕೋ. ಅವರು ನೂಡಲ್ಸ್ ತಿಂತಾರೆ, ನೋಡ್ತಿರು.” ಬಾಸಿಲಿಯಾ ದನಿ ತಗ್ಗಿಸಿದಳು. “ನಿನ್ ಸೊಸೇನೇ ವಾಸಿ. ಮೊನ್ನೆ ಆ ವ್ಯಾಪಾರಿ ಹತ್ರ ಅರ್ಧ ಗಂಟೆ ನಿಂತ್ಕೊಂಡು ಮಾತಾಡ್ತಿದ್ಲಪ್ಪ. ಅದೇನು ವ್ಯವಹಾರವೋ ಏನೋ.”

ಅಷ್ಟು ಸಾಕಾಯಿತು. ಮಾರನೆಯ ದಿನ ಒಲೆಯ ಮುಂದೆ ಕೂತಿದ್ದ ಸೆಫೆರಿನಾಳ ಕಿವಿಗೆ, ಹಿತ್ತಲಲ್ಲಿ ಫೋನು ಹಿಡಿದಿದ್ದ ಸೊಸೆಯ ಮಾತು ಬಿತ್ತು. “ಎಲ್ಲಾ ಬಗೇದೂ ತಗೊಂಡಿದೀನಿ. ಅತ್ತೆಗೆ ಮಾತ್ರ ಬಾಯಿ ಬಿಡ್ಬೇಡ. ಗೊತ್ತಾದ್ರೆ ನನ್ನ ಸಿಗಿದು ತೋರಣ ಕಟ್ತಾರೆ.”

ಸೆಫೆರಿನಾಳಿಗೆ ಮೈ ಉರಿದುಹೋಯಿತು. ಆದರೂ ಅವಳು ಕೇಳಲಿಲ್ಲ. ಕೇಳಿದರೆ ಸುಳ್ಳು ಹೇಳುತ್ತಾಳೆ, ಹೇಳಿದ ಮೇಲೆ ಹುಷಾರಾಗುತ್ತಾಳೆ. ಸಂತೆಯಿಂದ ಬೀಗ ತಂದು ಅಟ್ಟಕ್ಕೆ ಜಡಿದಳು, ಕೀಲಿಯನ್ನು ಕೊರಳಿಗೆ ಕಟ್ಟಿಕೊಂಡಳು. ಲಿಸ್ಬೆತ್ ಬೀಗವನ್ನು ನೋಡಿದಳು, ಅತ್ತೆಯ ಕೊರಳನ್ನು ನೋಡಿದಳು, ಕುರಿ ಹೊಡೆದುಕೊಂಡು ಹೋದಳು. ಬಿತ್ತನೆಯ ಕಾಲಕ್ಕೆ ಸೆಫೆರಿನಾ ಉಳಿದ ಬೀಜವನ್ನೆಲ್ಲ, ಒಂದನ್ನೂ ಉಳಿಸದೆ, ತನ್ನ ಅವ್ವ ಬಿತ್ತುತ್ತಿದ್ದ ಹೊಲದಲ್ಲೇ ಊರಿದಳು. ಹೋದ ವರ್ಷ ಆ ಹೊಲದ ಕೆಳ ಅಂಚಿಗೆ ಕೊಳೆರೋಗ ಹತ್ತಿತ್ತು. ಸೆಕೆ ಹೆಚ್ಚಾಗಿ ರೋಗ ಬೆಟ್ಟ ಹತ್ತುತ್ತಿದೆ, ಬೀಜವನ್ನು ಮೇಲಕ್ಕೆ ಒಯ್ಯೋಣ ಎಂದು ಲಿಸ್ಬೆತ್ ಆಗ ಒಮ್ಮೆ ಬಾಯಿಬಿಟ್ಟಿದ್ದಳು. “ನಮ್ಮವ್ವನ ಬೀಜ ನಮ್ಮವ್ವನ ಹೊಲ ಬಿಟ್ಟು ಎಲ್ಲಿಗೂ ಹೋಗಲ್ಲ. ನಿನ್ನೆ ಮೊನ್ನೆ ಬಂದೋಳು ನಂಗೆ ಬೇಸಾಯ ಹೇಳ್ಕೊಡ್ಬೇಡ” ಎಂದು ಸೆಫೆರಿನಾ ಗದರಿದ ಮೇಲೆ ಆ ಮಾತು ಮತ್ತೆ ಬರಲಿಲ್ಲ.

ಮಾತು ಬರಲಿಲ್ಲ, ಆದರೆ ಮಳೆ ಹಿಡಿದ ಮೇಲೆ ಲಿಸ್ಬೆತ್ ಕುರಿಗಳ ಜೊತೆ ದಿನಾ ಇಷ್ಟಿಷ್ಟೇ ತಡವಾಗಿ ಬರತೊಡಗಿದಳು. ಉಗುರಿನಲ್ಲಿ ಕರಿಮಣ್ಣು. ಕುರಿ ಮೇಯಿಸುವವಳ ಉಗುರಿನಲ್ಲಿ ಮಣ್ಣೇಕೆ? ಅಲ್ಲಿ ಜನವರಿಯೆಂದರೆ ನಡು ಮಳೆಗಾಲ; ಆ ತಿಂಗಳ ಒಂದು ಬೆಳಿಗ್ಗೆ, ಸೊಸೆ ಕಾಲ್ಕಾಕ್ಕೆ ತವರಿಗೆ ಹೋಗಿದ್ದಾಗ, ಸೆಫೆರಿನಾ ಗುದ್ದಲಿ ಹಿಡಿದು ಕುರಿ ಹೋಗುವ ದಾರಿಯಲ್ಲೇ ಬೆಟ್ಟ ಹತ್ತಿದಳು. ತೀರ ಮೇಲೆ, ಯಾರೂ ಬಳಸದ ಹಳೆಯ ಕುರಿದೊಡ್ಡಿಯ ಕಲ್ಲುಗೋಡೆಯ ಒಳಗೆ, ನೇರಳೆ, ಬಿಳಿ, ಗುಲಾಬಿ ಹೂ ಬಿಟ್ಟು ನಿಂತಿದ್ದವು ಆಲೂಗೆಡ್ಡೆ ಗಿಡಗಳು. ಒಂದೊಂದು ಹೂವನ್ನು ನೋಡಿಯೇ ಬಗೆಯ ಹೆಸರು ಹೇಳಬಲ್ಲವಳು ಅವಳು. ನಲವತ್ತೊಂದೂ ಇದ್ದವು.

ಅವಳಿಗೆ ಎಲ್ಲ ಸ್ಪಷ್ಟವಾಯಿತು, ಅಥವಾ ಹಾಗೆಂದುಕೊಂಡಳು. ಕದ್ದ ಬೀಜ, ಕದ್ದುಮುಚ್ಚಿ ಬೆಳೆದ ಬೆಳೆ. ದೊಡ್ಡಿಯ ಆಚೆಗೇ ಮಣ್ಣುರಸ್ತೆ, ಬಿಳಿ ಗಾಡಿ ಬಂದು ನಿಲ್ಲಲು ಬೇಕಾದಷ್ಟು ಜಾಗ. ಮೇ ತಿಂಗಳ ಸುಗ್ಗಿಯಲ್ಲಿ ಅಗೆದು, ಅವ್ವನ ನಲವತ್ತೊಂದು ಬಗೆಯನ್ನೂ ಎಣ್ಣೆಗೆ ಬಿಡುವವನಿಗೆ ಕೊಟ್ಟು ಕೈತೊಳೆದುಕೊಳ್ಳುತ್ತಾಳೆ! ಹೂ ಬಿಟ್ಟ ಗಿಡವನ್ನು ಅಗೆಯಬಾರದೆಂದು ಸೆಫೆರಿನಾಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆದರೆ ಸಿಟ್ಟಿಗೆ ಮೇ ತಿಂಗಳು ಬಹಳ ದೂರ ಕಂಡಿತು. ಬೀಜಕ್ಕೆ ಸಣ್ಣದೂ ನಡೆಯುತ್ತದೆ ಎಂದು ತನಗೆ ತಾನೇ ಹೇಳಿಕೊಂಡು ಮೊದಲ ಗುದ್ದಲಿ ಹಾಕಿದಳು. ಗೋಲಿ ಗಾತ್ರದ ಎಳೆ ಗೆಡ್ಡೆಗಳು ಬಂದವು. ಮುಟ್ಟಿದರೆ ಸಿಪ್ಪೆ ಕೈಗೆ ಅಂಟುತ್ತಿತ್ತು. ಮಧ್ಯಾಹ್ನದೊಳಗೆ ದೊಡ್ಡಿಯನ್ನೆಲ್ಲ ಅಗೆದು, ಗಿಡಗಳನ್ನು ಗೋಡೆಯಾಚೆ ಎಸೆದು, ಕೈ ರೂಢಿಯಂತೆ ನೆಲವನ್ನು ಮತ್ತೆ ಮುಚ್ಚಿ ಮೆಟ್ಟಿ ಸಮ ಮಾಡಿ, ಗೆಡ್ಡೆಗಳನ್ನು ಹೆಗಲುವಸ್ತ್ರದಲ್ಲಿ ಕಟ್ಟಿ ತಂದು ಅಟ್ಟದಲ್ಲಿ ಬೀಗ ಹಾಕಿಟ್ಟಳು.

ಮರುದಿನದಿಂದ ಹಿಡಿದ ಮಳೆ ವಾರವಾದರೂ ಬಿಡಲಿಲ್ಲ. ಲಿಸ್ಬೆತ್ ತವರಿನಿಂದ ಬರುವಷ್ಟರಲ್ಲಿ ಬೆಟ್ಟದ ದಾರಿ ಕೊಚ್ಚಿಹೋಗಿ, ಕುರಿಗಳು ಊರ ಪಕ್ಕದಲ್ಲೇ ಉಳಿದವು. ಅವಳಿಗೆ ಮೇಲೆ ಹೋಗಲಾಗಲಿಲ್ಲ. ಎಂಟನೆಯ ಬೆಳಿಗ್ಗೆ ಮಂಜು ಸರಿದಾಗ ಅವ್ವನ ಹೊಲ ಕಪ್ಪಗಿತ್ತು. ಕೆಳಗಿನ ಅಂಚಿನಿಂದ ಮೇಲಿನ ಬದುವಿನವರೆಗೆ ಒಂದು ಗಿಡವೂ ಉಳಿದಿರಲಿಲ್ಲ. ಕೊಳೆತ ವಾಸನೆ ಮನೆಯವರೆಗೂ ಬರುತ್ತಿತ್ತು. ಸೆಫೆರಿನಾ ಬದುವಿನ ಮೇಲೆ ಕೂತು ಕಣ್ಣೊರೆಸಿಕೊಂಡಳು.

ಲಿಸ್ಬೆತ್ ಬಂದು ಪಕ್ಕದಲ್ಲಿ ಕೂತಳು. ಮೆಲ್ಲಗೆ ಅತ್ತೆಯ ಕೈ ಹಿಡಿದಳು.

“ಅಳ್ಬೇಡಿ ಅತ್ತೆ. ಒಂದು ವಿಷ್ಯ ಹೇಳ್ತೀನಿ, ಆಮೇಲೆ ಬೇಕಾದ್ರೆ ಹೊಡೀರಿ. ಬೀಜ ಹೋಗಿಲ್ಲ. ಎಲ್ಲಾ ಬಗೇದೂ ಎರಡೆರಡು ಎತ್ತಿ ಮೇಲಿನ ಹಳೇ ದೊಡ್ಡೀಲಿ ಹಾಕಿದೀನಿ. ನಿಮ್ಮ ಮಗನಿಗೂ ಗೊತ್ತು. ಫೋನಲ್ಲಿ ಅವರ ಹತ್ರಾನೇ ಹೇಳ್ತಿದ್ದೆ.”

ಸೆಫೆರಿನಾ ಕೈ ಹಿಂದಕ್ಕೆಳೆದುಕೊಂಡಳು. “ಆ ವ್ಯಾಪಾರಿ?”

“ಅವನು ಎಲ್ಲಾ ಊರು ಸುತ್ತೋನು. ರೋಗ ಎಲ್ಲೀವರ್ಗೂ ಹತ್ತಿದೆ ಅಂತ ಕೇಳ್ದೆ. ಏಳಿ, ತೋರಿಸ್ತೀನಿ.”

ಬೇಡವೆನ್ನಲು ಸೆಫೆರಿನಾಳಿಗೆ ಕಾರಣ ಸಿಗಲಿಲ್ಲ. ಹೇಳಬೇಕಾದ ಕಾರಣ ಒಂದೇ ಒಂದಿತ್ತು, ಅದು ನಾಲಿಗೆಗೆ ಬರಲಿಲ್ಲ. ಕೊಚ್ಚಿಹೋದ ದಾರಿಯಲ್ಲಿ ಸೊಸೆ ಕೈ ಕೊಟ್ಟು ಹತ್ತಿಸಿದಳು. ಉದ್ದಕ್ಕೂ ಮಾತು. ಅಲ್ಲಿ ಹತ್ತು ಹದಿನೈದು ವರ್ಷ ರೋಗ ಬರಲಿಕ್ಕಿಲ್ಲವಂತೆ. ದೊಡ್ಡಿಯ ನೆಲದ ತುಂಬ ಹಳೆಯ ಕುರಿಗೊಬ್ಬರವಂತೆ.

“ಆಮೇಲೆ?” ಸೆಫೆರಿನಾ ಸುಮ್ಮನಿರಲಾರದೆ ಕೇಳಿದಳು.

“ಆಮೇಲೆ ಇನ್ನೂ ಮೇಲಕ್ಕೆ. ಅಲ್ಲಿಂದಾಚೆ ಬರೀ ಬಂಡೆ ಅತ್ತೆ. ಅಷ್ಟರಲ್ಲಿ ರೋಗ ತಡೆಯೋ ಬಗೆ ಯಾವುದು ಅಂತ ಈ ನಲವತ್ತೊಂದರಲ್ಲೇ ಹುಡುಕ್ಬೇಕು. ವರ್ಷವರ್ಷ ಬಿತ್ತಿ ನೋಡ್ಬೇಕು. ನನ್ನ ಕಾಲಕ್ಕೆ ಮುಗಿಯೋ ಕೆಲಸ ಅಲ್ಲ ಬಿಡಿ.”

ಇಷ್ಟು ದೂರ ತಾನು ಯಾವತ್ತೂ ಯೋಚಿಸಿರಲಿಲ್ಲ ಎಂಬುದು ಸೆಫೆರಿನಾಳಿಗೆ ಹೊಳೆದು, ನಡಿಗೆ ಇನ್ನಷ್ಟು ಭಾರವಾಯಿತು.

ದೊಡ್ಡಿಯ ಬಾಗಿಲಲ್ಲಿ ಲಿಸ್ಬೆತ್ ನಿಂತುಬಿಟ್ಟಳು. ಒಳಗೆ ಬೋಳು ನೆಲ. ಅವಳು ಗೋಡೆಯ ಆಚೆ ಬಗ್ಗಿ ಕೊಳೆತ ಗಿಡಗಳನ್ನು ನೋಡಿದಳು, ಈಚೆ ಬಂದು ಮೊಣಕಾಲೂರಿದಳು, ಅಳಲಿಲ್ಲ.

“ಅನ್ಯಾಸ್ ಇರ್ಬೇಕು,” ಎಂದಳು ಸೆಫೆರಿನಾ. ಗೆಡ್ಡೆಯನ್ನು ಅಗೆದು ತಿನ್ನುವ, ನಾತ ಬಿಡುವ ಆ ಕಪ್ಪುಬಿಳಿ ಪ್ರಾಣಿ ಅಲ್ಲಿ ಎಲ್ಲರ ಹೊಲದ ಕಳ್ಳ. “ದರಿದ್ರದ್ದು, ಒಂದನ್ನೂ ಬಿಟ್ಟಿಲ್ಲ ನೋಡು.”

ಲಿಸ್ಬೆತ್ ನೆಲದ ಮೇಲೆ ಅಂಗೈ ಇಟ್ಟಳು. ಮಣ್ಣು ಸಮನಾಗಿತ್ತು, ಯಾರೋ ಮೆಟ್ಟಿ ಗಟ್ಟಿ ಮಾಡಿದ್ದರು.

“ಅನ್ಯಾಸ್ ಗುಂಡಿ ಮುಚ್ಚಲ್ಲ ಅತ್ತೆ.”

ಅಷ್ಟೇ ಅಂದಳು, ತಲೆಯೆತ್ತಿ ನೋಡಲೂ ಇಲ್ಲ. ಐವತ್ತು ವರ್ಷ ಮಣ್ಣಿನಲ್ಲಿ ದುಡಿದ ಸೆಫೆರಿನಾ ನಾಚಿಕೆಯಿಂದ ಗೋಡೆಗೆ ಆತು ನಿಂತಳು. ಆಮೇಲೆ ಕೊರಳಿನ ಕೀಲಿಯನ್ನು ಬಿಚ್ಚಿ ಸೊಸೆಯ ಮುಂದೆ ಹಿಡಿದಳು. “ಮಾರ್ತೀಯಾ ಅಂದ್ಕೊಂಡೆ ಕಣೇ. ನೀನು ಕಾಯೋಳಲ್ಲ ಅಂದ್ಕೊಂಡೆ. ಕಾಯೋಕಾಗದೇ ಇದ್ದೋಳು ನಾನು.” ಅವಳು ಅತ್ತಳು. ಲಿಸ್ಬೆತ್ ಸಮಾಧಾನ ಮಾಡಲಿಲ್ಲ, ಕೀಲಿ ತೆಗೆದುಕೊಂಡಳು.

ಮನೆಗೆ ಬಂದು ಇಬ್ಬರೂ ಅಟ್ಟದಲ್ಲಿ ಗಂಟು ಬಿಚ್ಚಿದರು. ಎಳೆ ಗೆಡ್ಡೆಗಳು ಬಹಳಷ್ಟು ಮುರುಟಿದ್ದವು, ಕೆಲವು ಒತ್ತಿದರೆ ನೀರಾಗುತ್ತಿದ್ದವು. ಲಿಸ್ಬೆತ್ ಒಂದೊಂದನ್ನೇ ಹೆಬ್ಬೆರಳಿನಲ್ಲಿ ಒತ್ತಿ ನೋಡಿ, ಆರಿಸಿ, ಗಟ್ಟಿಯಿದ್ದದ್ದನ್ನು ಮಡಿಲಿಗೆ ಹಾಕಿಕೊಂಡಳು. ಅವಸರ ಮಾಡಲಿಲ್ಲ. ಸಂಜೆಯವರೆಗೆ ಕೂತರೂ ಸಿಕ್ಕಿದ್ದು ಹದಿನೇಳು ಬಗೆ. ಗಂಟುಗಂಟಿನ ಆ ಒಂದು ಗೆಡ್ಡೆಯೂ ಅದರಲ್ಲಿತ್ತು.

ಲಿಸ್ಬೆತ್ ಅವನ್ನೆಲ್ಲ ಒಣಹುಲ್ಲಿನಲ್ಲಿ ಸುತ್ತಿ ಬೇರೆ ಗಂಟು ಕಟ್ಟಿ ಎದ್ದಳು.

“ಎಲ್ಲಿಡ್ತೀಯವ್ವಾ?” ಎಂದಳು ಸೆಫೆರಿನಾ.

“ಬಿತ್ತೋವಾಗ ಕರೀತೀನಿ, ಬನ್ನಿ. ನಿಮ್ಮಷ್ಟು ಚೆನ್ನಾಗಿ ಬೀಜ ಊರೋಕೆ ನಂಗೆ ಬರಲ್ಲ,” ಎಂದಳು ಲಿಸ್ಬೆತ್. “ಎಲ್ಲಿಡ್ತೀನಿ ಅಂತ ಮಾತ್ರ ಕೇಳ್ಬೇಡಿ.”

ಸೊಸೆ ಏಣಿ ಇಳಿದು ಹೋಗುವಾಗ ಗೋಡೆಗೆ ಒರಗಿಸಿಟ್ಟಿದ್ದ ಅತ್ತೆಯ ಗುದ್ದಲಿಯನ್ನೂ ಎತ್ತಿಕೊಂಡು ಹೋದಳು.