ನೀರುಳ್ಳಿ ಇಲ್ಲದ ಎಣ್ಣೆ

ಗಿರಿಜಮ್ಮ ಹನ್ನೊಂದನೆಯ ಡಬ್ಬದ ಮುಚ್ಚಳ ತಿರುಗಿಸಿ ತೆಗೆದು, ಮೂಗನ್ನು ಅದರ ಬಾಯಿಗೆ ಹಿಡಿದು, ಕಣ್ಣು ಮುಚ್ಚಿ ದೀರ್ಘವಾಗಿ ಉಸಿರೆಳೆದರು.

“ಚಕ್ಕುಲಿ,” ಎಂದರು. “ಹೋದ ವರ್ಷದ ಅಷ್ಟಮಿಯದ್ದು. ಎಳ್ಳು ಉಂಟು, ಇಂಗು ಉಂಟು. ನೀರುಳ್ಳಿ ಇಲ್ಲ.”

“ಆಗಬಹುದು,” ಎಂದು ಪುರೋಹಿತರಾದ ಭೀಮಸೇನ ಆಚಾರ್ಯರು ದೂರದಿಂದಲೇ ಒಪ್ಪಿಗೆ ಕೊಟ್ಟರು.

ಗಿರಿಜಮ್ಮನ ಮಗ ರಘುರಾಮ ಒದ್ದೆ ಪಂಚೆಯಲ್ಲೇ ಡಬ್ಬವನ್ನೆತ್ತಿ ಬಾಗಿಲ ಬಲಗಡೆ ಇಟ್ಟ. ಬಲಗಡೆಯದ್ದು ಸ್ಮಶಾನಕ್ಕೆ, ಎಡಗಡೆಯ ಜಾಗ ನೀರುಳ್ಳಿ ಸೋಂಕಿದ್ದಕ್ಕೆ. ಎಡಗಡೆ ಇನ್ನೂ ಖಾಲಿಯಿತ್ತು. ಇಷ್ಟೆಲ್ಲದರ ನಡುವೆ ಮುಂದಿನ ಕೋಣೆಯ ನೆಲದ ಮೇಲೆ, ದರ್ಭೆ ಹಾಸಿ, ತಲೆಯನ್ನು ದಕ್ಷಿಣಕ್ಕೆ ಮಾಡಿ ಗಿರಿಜಮ್ಮನ ಗಂಡ ವಾಮನ ರಾಯರನ್ನು ಮಲಗಿಸಿದ್ದರು. ಬೆಳಗಿನ ಜಾವ ನಾಲ್ಕಕ್ಕೆ ಹೋದವರು. ಈಗ ಹನ್ನೊಂದು ಗಂಟೆ.

ಅಹಮದಾಬಾದಿನ ಮಣಿನಗರದ ಈ ಮೂರನೇ ಮಹಡಿಯ ಮನೆಯ ಬಾಲ್ಕನಿಯಲ್ಲಿ ಒಟ್ಟು ಇಪ್ಪತ್ತಮೂರು ಡಬ್ಬಗಳಿದ್ದವು. ರಾಯರ ಹೋಟೆಲಿನಲ್ಲಿ ಕರಿದು ಉಳಿದ ಎಣ್ಣೆ, ಸ್ಟೌ ಹೋಗಿ ಗ್ಯಾಸ್ ಬಂದಾಗ ಉಳಿದ ಸೀಮೆಎಣ್ಣೆ, ಜನರೇಟರ್ ಮಾರಿದಾಗ ಉಳಿದ ಡೀಸೆಲ್. ಯಾವುದರ ಮೇಲೂ ಚೀಟಿಯಿಲ್ಲ. ಯಾವುದು ಏನೆಂಬುದೆಲ್ಲ ರಾಯರ ತಲೆಯಲ್ಲಿತ್ತು. ಆ ತಲೆ ಈಗ ದಕ್ಷಿಣಕ್ಕೆ ತಿರುಗಿ ತೆಪ್ಪಗಿತ್ತು.

“ಅತ್ತಿಗೆ, ಒಂದು ಮಾತು,” ಎಂದು ರಾಯರ ತಮ್ಮ ಲಕ್ಷ್ಮೀನಾರಾಯಣ ಗಂಟಲು ಸರಿಮಾಡಿಕೊಂಡರು. ವಡೋದರಾದ ಮಂಜಲ್‌ಪುರದಿಂದ ಸಿಕ್ಕಿದ ಬಸ್ಸು ಹತ್ತಿ ಬಂದಿದ್ದ ಅವರಿಗೆ ಬೆಳಗಿನಿಂದ ಚಹಾ ಕೂಡ ಆಗಿರಲಿಲ್ಲ. ಹೆಣ ಮನೆಯಲ್ಲಿರುವಾಗ ಒಲೆ ಹಚ್ಚುವಂತಿಲ್ಲವಲ್ಲ. “ಇಲ್ಲಿ ಗ್ಯಾಸಿನ ಚಿತಾಗಾರ ಉಂಟಂತೆ. ಸ್ವಿಚ್ ಹಾಕಿದರೆ ಮುಗೀತು. ಕಟ್ಟಿಗೆಯೂ ಬೇಡ, ಎಣ್ಣೆಯೂ ಬೇಡ. ಒಂದು ಗಂಟೆಗೆ ಮನೆಗೆ ಬಂದು ಸ್ನಾನ ಮಾಡಬಹುದು.”

“ನಾನು ಮಾತು ಕೊಟ್ಟಿದ್ದೇನೆ,” ಎಂದು ಗಿರಿಜಮ್ಮ ಹನ್ನೆರಡನೆಯ ಡಬ್ಬಕ್ಕೆ ಕೈಹಾಕಿದರು.

*

ಮಾತು ಕೊಟ್ಟದ್ದು ಮೂರು ವಾರದ ಹಿಂದೆ, ಆಸ್ಪತ್ರೆಯಲ್ಲಿ. ರಾಯರು ಗಂಜಿಯ ಲೋಟ ನೋಡಿ ಮುಖ ತಿರುಗಿಸಿಕೊಂಡಿದ್ದರು.

“ಗಿರಿಜಾ, ಬಾಲ್ಕನಿಯಲ್ಲಿ ಎಷ್ಟು ಉಳಿದಿದೆ ಗೊತ್ತುಂಟಾ ನಿಂಗೆ?”

“ಸಾಯುವ ಹೊತ್ತಿಗೂ ನಿಮಗೆ ಅದೇ ಚಿಂತೆಯಾ? ಗಂಜಿ ಕುಡೀರಿ.”

“ನನ್ನ ಚಿತೆಗೆ ಒಂದು ತೊಟ್ಟು ಹೊಸ ಎಣ್ಣೆ ತರಬಾರದು. ಇದ್ದದ್ದನ್ನು ಮುಗಿಸಬೇಕು. ಒಂದು ಡಬ್ಬವೂ ಉಳೀಬಾರದು. ನಾನು ಹೋದ ಮೇಲೆ ಅದನ್ನು ನೀವು ಯಾರಾದರೂ ಚರಂಡಿಗೆ ಸುರೀತೀರಿ, ನನಗೆ ಗೊತ್ತುಂಟು.”

“ಕುಡೀರಿ ಮಾರಾಯ್ರೆ.”

“ಮಾತು ಕೊಡು, ಕುಡೀತೇನೆ.”

ಕೊಟ್ಟರು. ರಾಯರು ಅರ್ಧ ಲೋಟ ಕುಡಿದರು. ಆ ಅರ್ಧ ಲೋಟ ಗಂಜಿಗೆ ಗಿರಿಜಮ್ಮ ಇವತ್ತು ಸೊಂಟ ಹಿಡಿದುಕೊಂಡು ನೆಲದ ಮೇಲೆ ಕುಳಿತು ಲೆಕ್ಕ ತೀರಿಸುತ್ತಿದ್ದರು. ಅವರ ಜನ್ಮದಲ್ಲಿ ಕೊಟ್ಟ ಮಾತು ತಪ್ಪಿದ್ದಿಲ್ಲ. ಸುಳ್ಳು ಹೇಳಿದ್ದಂತೂ ಇಲ್ಲವೇ ಇಲ್ಲ. ಅಹಮದಾಬಾದಿನ ಉಡುಪಿಯವರಲ್ಲೆಲ್ಲ ಅದು ಪ್ರಸಿದ್ಧ. ಅದಕ್ಕೇ ಆಚಾರ್ಯರು ತಾವು ಮೂಸುವ ಗೋಜಿಗೆ ಹೋಗದೆ, “ಅಮ್ಮ ಹೇಳಿದರೆ ಸಾಕು,” ಎಂದು ಕುಳಿತದ್ದು.

*

“ಚಿತೆ ಎಂದರೆ ಅದೂ ಹೋಮವೇ,” ಎಂದು ಆಚಾರ್ಯರು ಲಕ್ಷ್ಮೀನಾರಾಯಣರಿಗೆ ಮೂರನೇ ಸಲ ವಿವರಿಸುತ್ತಿದ್ದರು. “ತುಪ್ಪ ನಾನು ಹಾಕ್ತೇನೆ. ಕಟ್ಟಿಗೆಗೆ ಹಳೇ ಎಣ್ಣೆ ಹಾಕಿ, ಅಡ್ಡಿಯಿಲ್ಲ. ಆದರೆ ನೀರುಳ್ಳಿ ಕರಿದ ಎಣ್ಣೆ ಆಗ್ಲಿಕ್ಕಿಲ್ಲ. ಅಗ್ನಿದೇವರಿಗೆ ನೀರುಳ್ಳಿ ಬಜೆ ಬಡಿಸ್ಲಿಕ್ಕೆ ಉಂಟಾ?”

“ಹಾಗಾದರೆ ಡೀಸೆಲ್?”

“ಡೀಸೆಲಿಗೆ ಎಂತ ಮೈಲಿಗೆ? ಅದು ಭೂಮಿಯೊಳಗಿಂದ ಬಂದದ್ದು. ಅದರಲ್ಲಿ ಯಾರೂ ಏನೂ ಕರಿದಿಲ್ಲ.”

ವಾಮನ ರಾಯರು ಮಣಿನಗರ ಸ್ಟೇಷನ್ನಿನ ಎದುರು ಇಪ್ಪತ್ತೆಂಟು ವರ್ಷ ಹೋಟೆಲು ನಡೆಸಿದವರು. ಒಂದೇ ಎಣ್ಣೆಯಲ್ಲಿ ಎರಡು ಸಲ ಕರಿಯಬೇಕು, ಮೂರನೆಯ ಸಲ ಅದು ಮನುಷ್ಯರ ಹೊಟ್ಟೆಗಲ್ಲ ಎಂಬುದು ಅವರ ಕಟ್ಟಳೆ. ಹಾಗೆಂದು ಚೆಲ್ಲುವವರಲ್ಲ. ಸೋಸಿ ಮನೆಗೆ ತರುತ್ತಿದ್ದರು. ಮೆಟ್ಟಿಲ ಬುಡದ ದೀಪಕ್ಕೆ, ಹೊಲಿಗೆ ಯಂತ್ರಕ್ಕೆ, ಸೈಕಲ್ ಚೈನಿಗೆ, ಬಾಗಿಲ ಅಗುಳಿಗೆ. ಸೀಮೆಎಣ್ಣೆಯಲ್ಲಿ ಫ್ಯಾನಿನ ಜಿಡ್ಡು ಒರೆಸುವುದು, ಡೀಸೆಲಿನಲ್ಲಿ ತುಕ್ಕು ಹಿಡಿದ ಬೋಲ್ಟು ನೆನೆಹಾಕುವುದು. ತಮ್ಮ ಮನೆಯದ್ದು ಮುಗಿದ ಮೇಲೆ ಎಣ್ಣೆಯಲ್ಲಿ ಅದ್ದಿದ ಬಟ್ಟೆ ಹಿಡಿದು ಸೊಸೈಟಿಯ ಮೂವತ್ತಾರು ಮನೆಗಳ ಬಾಗಿಲಿಗೂ ಹೋಗುತ್ತಿದ್ದರು. ಅಲ್ಲಿ ಕಿರುಗುಟ್ಟುವ ಬಾಗಿಲೆಂಬುದೇ ಇರಲಿಲ್ಲ. ಯಾರು ಎಷ್ಟು ಹೊತ್ತಿಗೆ ಮನೆ ಸೇರಿದರೆಂದು ಯಾರಿಗೂ ತಿಳಿಯುತ್ತಿರಲಿಲ್ಲ. ಕೆಲವು ಗಂಡಸರು ಈ ಕಾರಣಕ್ಕೇ ರಾಯರಿಗೆ ಬಹಳ ಗೌರವ ಕೊಡುತ್ತಿದ್ದರು.

ಸೊಸೈಟಿಯ ಕಾರ್ಯದರ್ಶಿ ಜಯಂತಿಭಾಯಿ ಮಾತ್ರ ಬಾಲ್ಕನಿ ಖಾಲಿ ಮಾಡಿ ಎಂದು ನೋಟೀಸಿನ ಮೇಲೆ ನೋಟೀಸು ಕೊಟ್ಟಿದ್ದರು. ಎರಡು ವರ್ಷದ ಹಿಂದೆ ಜನವರಿಯಲ್ಲಿ ಭೂಮಿ ನಡುಗಿತು. ಜನವೆಲ್ಲ ಮೈದಾನಕ್ಕೆ ಓಡಿ ಬಂದು, ಕರೆಂಟಿಲ್ಲದೆ, ಮೇಲೆ ಹೋಗಲು ಧೈರ್ಯವಿಲ್ಲದೆ ಕುಳಿತಿದ್ದಾಗ ರಾಯರು ಒಬ್ಬರೇ ಮೂರು ಮಹಡಿ ಹತ್ತಿ ಡಬ್ಬಗಳನ್ನು ಇಳಿಸಿಕೊಂಡು ಬಂದರು. ಆ ವಾರವೆಲ್ಲ ಮೈದಾನದ ತುಂಬ ಹಣತೆ. ಜಯಂತಿಭಾಯಿ ಆ ಬೆಳಕಿನಲ್ಲಿ ಖಿಚಡಿ ಉಂಡರು. ಆಮೇಲೆ ನೋಟೀಸು ಬರಲಿಲ್ಲ.

ಈಗ ಅದೇ ಜಯಂತಿಭಾಯಿ ಹೊಸ್ತಿಲಲ್ಲಿ ನಿಂತು, “ಮಾಸಿ, ಬಧುಂ ಲಈ ಜಾವ್,” ಎಲ್ಲವನ್ನೂ ಒಯ್ದುಬಿಡಿ ಎಂದು ಕಣ್ಣೊರೆಸಿಕೊಂಡರು. ದುಃಖವೂ ಇತ್ತು, ಸಮಾಧಾನವೂ ಇತ್ತು.

ಹದಿನಾರನೆಯದು ಹಪ್ಪಳ. ಹದಿನೇಳನೆಯದು ರಘುರಾಮನ ಮದುವೆಗೆ ಕರಿದ ಗೋಳಿಬಜೆ. ಹದಿನೆಂಟನೆಯದನ್ನು ಮೊಮ್ಮಗಳು ಪ್ರಾರ್ಥನಾ ಮೂಸಿ, “ಅಜ್ಜಿ, ಆ ತೋ ಕೆರೋಸಿನ್ ಛೇ,” ಇದು ಸೀಮೆಎಣ್ಣೆ ಎಂದು ಗುಜರಾತಿಯಲ್ಲಿ ಹೇಳಿದಳು. ಅವಳ ಕನ್ನಡ ‘ಊಟ ಆಯ್ತಾ’ಕ್ಕೆ ನಿಲ್ಲುತ್ತಿತ್ತು. ಎಡಗಡೆ ಇನ್ನೂ ಖಾಲಿ.

ಖಾಲಿ ಇರಲೇಬೇಕು. ನೀರುಳ್ಳಿಯನ್ನು ಗಿರಿಜಮ್ಮ ನಲವತ್ತಾರು ವರ್ಷದಲ್ಲಿ ಮನೆಯೊಳಗೆ ಬಿಟ್ಟವರಲ್ಲ. ಹೋಟೆಲಿನಲ್ಲಿ ಏನಾದರೂ ಕರಿಯಿರಿ, ಆ ವಾಸನೆ ಹೊಸ್ತಿಲು ದಾಟಬಾರದು. ರಾಯರು ದಿನಾ ಸಂಜೆ ಹೋಟೆಲಿನಲ್ಲೇ ಮಿಂದು ಬಟ್ಟೆ ಬದಲಿಸಿ ಬರುತ್ತಿದ್ದರು. ಗಿರಿಜಮ್ಮ ಬಾಗಿಲಲ್ಲೇ ತಡೆದು, ಕತ್ತಿನ ಹತ್ತಿರ ಮೂಸಿ ನೋಡಿ ಒಳಗೆ ಬಿಡುತ್ತಿದ್ದರು. ನೋಡಿದವರು ಏನೇನೋ ತಿಳಿದುಕೊಂಡು ನಕ್ಕದ್ದುಂಟು. ನೀರುಳ್ಳಿ ಕರಿದ ಎಣ್ಣೆ ಹೋಟೆಲಿನ ಷಟರಿಗೆ ಸವರಿ ಅಲ್ಲೇ ಮುಗಿಯುತ್ತಿತ್ತು.

ಹಾಗಾಗಿ ಇಪ್ಪತ್ತಮೂರನೆಯ ಡಬ್ಬದ ಮುಚ್ಚಳ ತೆಗೆದಾಗ ಅವರಿಗೆ ಮೊದಲು ಬಂದದ್ದು ಸಿಟ್ಟು. ಅದು ಎಲ್ಲದರ ಹಿಂದೆ, ಗೋಣಿಚೀಲದಲ್ಲಿ ಸುತ್ತಿ, ಗೋಡೆಯ ಮೂಲೆಗೆ ಒತ್ತಿ ಇಟ್ಟದ್ದು. ಕಮಟಿದ ಎಣ್ಣೆಯ ಅಡಿಯಿಂದ ತೆಳ್ಳಗೆ ನೀರುಳ್ಳಿ ಬಂತು. ಅದರ ಹಿಂದೆ ಓಮ ಬಂತು. ಕಳ್ಳ! ನನ್ನ ಮನೆಯಲ್ಲಿ, ನನ್ನ ಮೂಗಿನಡಿ!

ಇನ್ನೊಮ್ಮೆ ಮೂಸಿದರು. ನೀರುಳ್ಳಿ ಬಜೆಗೆ ರಾಯರು ಓಮ ಹಾಕಿದ್ದು ಒಂದೇ ದಿನ.

*

ಅದು ಮಣಿನಗರದ ಹೋಟೆಲು ಮುಚ್ಚಿದ ದಿನ. ಏಳು ವರ್ಷವಾಯಿತು. ಕಟ್ಟಡ ಒಡೆಯುತ್ತಾರೆ ಎಂದಾಗಿ, ಮಗ ನವರಂಗಪುರದಲ್ಲಿ ಹೊಸ ಜಾಗ ಹಿಡಿದಿದ್ದ. ರಾಯರು ಆ ಕೊನೆಯ ದಿನ ಅಡುಗೆ ಭಟ್ಟರನ್ನೆಲ್ಲ ಕೂರಿಸಿ ತಾವೇ ಬಾಣಲೆಯ ಮುಂದೆ ನಿಂತರು. ಸ್ಟೇಷನ್ನಿನ ಕೂಲಿಗಳು, ರಿಕ್ಷಾದವರು, ಯಾರು ಬಂದರೂ ಬಜೆ ಪುಕ್ಕಟೆ. ಜನ ತಿಂದು ಹೊಟ್ಟೆ ಕೆಡಿಸಿಕೊಳ್ಳಬಾರದೆಂದು ಹಿಟ್ಟಿಗೆ ಒಂದು ಹಿಡಿ ಓಮ.

ಗಿರಿಜಮ್ಮ ಹೋಗಿ ರಸ್ತೆಯ ಆಚೆ ನಿಂತಿದ್ದರು. ರಾಯರು ಅವರನ್ನು ಕಂಡು, ಕಾಗದದಲ್ಲಿ ಒಂದೇ ಒಂದು ಬಜೆ ಇಟ್ಟುಕೊಂಡು, ರಿಕ್ಷಾಗಳ ನಡುವೆ ದಾಟಿ ಬಂದರು. ಮುಖದ ತುಂಬ ಬೆವರು.

“ಇವತ್ತೊಂದು ದಿನ, ಗಿರಿಜಾ. ಇಪ್ಪತ್ತೆಂಟು ವರ್ಷ ಊರಿಗೆಲ್ಲ ತಿನ್ನಿಸಿದೆ. ನೀನು ಹೇಗುಂಟು ಅಂತ ಹೇಳಲೇ ಇಲ್ಲ.”

“ನಂಗೆ ಬೇಡ. ನೀವು ಮಿಂದೇ ಬನ್ನಿ,” ಎಂದಿದ್ದರು ಗಿರಿಜಮ್ಮ.

ರಾಯರು ಕಾಗದ ಮಡಚಿಕೊಂಡು ಹಿಂದಕ್ಕೆ ಹೋದರು. ಗಿರಿಜಮ್ಮ ಆ ಬೆನ್ನನ್ನು ಮರೆತದ್ದಿಲ್ಲ. ಒಂದು ಬಜೆ ತಿಂದಿದ್ದರೆ ಯಾವ ಆಕಾಶ ಕಳಚಿ ಬೀಳುತ್ತಿತ್ತು?

*

“ಅಮ್ಮ?” ಎಂದರು ಆಚಾರ್ಯರು. “ಅದೆಂತದು?”

ರಘುರಾಮ ಎಡಬಲ ನೋಡುತ್ತಾ ಕೈ ಚಾಚಿ ನಿಂತಿದ್ದ. ಗಿರಿಜಮ್ಮ ಮುಚ್ಚಳ ಬಿಗಿಯಾಗಿ ತಿರುಗಿಸಿದರು.

“ಹಪ್ಪಳ.”

“ಬರೀ ಹಪ್ಪಳವಾ?”

“ಉದ್ದಿನ ಹಪ್ಪಳ. ನೀರುಳ್ಳಿ ಇಲ್ಲ.”

ಅರುವತ್ತಾರು ವರ್ಷಕ್ಕೆ ಹೇಳಿದ ಮೊದಲ ಸುಳ್ಳು. ನಾಲಿಗೆ ತಡವರಿಸಲಿಲ್ಲ, ಅದೇ ಅವರಿಗೆ ಆಶ್ಚರ್ಯ. ಡಬ್ಬ ಬಲಗಡೆಗೆ ಹೋಯಿತು.

ಸ್ಮಶಾನಕ್ಕೆ ಹೊರಟಾಗ ಇನ್ನೊಂದು ರಗಳೆ. ಹೆಂಗಸರು ಬರುವ ಪದ್ಧತಿಯಿಲ್ಲ ಎಂದರು ಆಚಾರ್ಯರು. “ನಾನು ಅವರ ಹಿಂದೆ ಬರುತ್ತಿಲ್ಲ, ಡಬ್ಬದ ಹಿಂದೆ ಬರುತ್ತಿದ್ದೇನೆ. ಈ ರಘು ಡೀಸೆಲ್ ಯಾವುದು, ಎಣ್ಣೆ ಯಾವುದು ಅಂತ ಗೊತ್ತಿಲ್ಲದೆ ನಿಮ್ಮ ಗಡ್ಡ ಸುಟ್ಟರೆ?” ಎಂದರು ಗಿರಿಜಮ್ಮ. ಆಚಾರ್ಯರು ಗಡ್ಡ ಮುಟ್ಟಿ ನೋಡಿಕೊಂಡು ದಾರಿ ಬಿಟ್ಟರು. ಮುಂದೆ ಶವದ ವ್ಯಾನು, ಹಿಂದೆ ಡಬ್ಬಗಳ ಟೆಂಪೋ, ಟೆಂಪೋದಲ್ಲಿ ಡ್ರೈವರನ ಪಕ್ಕ ಗಿರಿಜಮ್ಮ, ಅವರ ಮಗ್ಗುಲಲ್ಲಿ ಪ್ರಾರ್ಥನಾ.

ಡಬ್ಬಗಳನ್ನು ಕಂಡು ಸ್ಮಶಾನದ ಕೆಲಸಗಾರ ಎರಡೂ ಕೈ ಎತ್ತಿದ. ಇಷ್ಟರಲ್ಲಿ ಅರ್ಧ ಮಣಿನಗರ ಸುಡಬಹುದು ಎಂದ. ಆದರೆ ಒಂದು ಡಬ್ಬವೂ ಉಳಿಯಬಾರದಲ್ಲ. ಪಕ್ಕದ ಚಿತೆಯಲ್ಲಿ ಕಟ್ಟಿಗೆ ಹಸಿಯಾಗಿ ಬರೀ ಹೊಗೆಯಾಡುತ್ತಿತ್ತು. ಆ ಮನೆಯವರು ಪೆಚ್ಚಾಗಿ ನಿಂತಿದ್ದರು. ಗಿರಿಜಮ್ಮ ಸೀಮೆಎಣ್ಣೆಯನ್ನೂ ಡೀಸೆಲನ್ನೂ ಅಲ್ಲಿಗೆ ಕೊಡಿಸಿದರು. ಕೆಲಸಗಾರ ಅದನ್ನು ಅಳತೆಯರಿತು ಹಾಕಿದ. ರಾಯರು ಸತ್ತ ಮೇಲೂ ಪಕ್ಕದವರ ಬಾಗಿಲಿಗೆ ಎಣ್ಣೆ ಬಿಟ್ಟರು.

ಕರಿದ ಎಣ್ಣೆ ರಾಯರ ಕಟ್ಟಿಗೆಗೆ ಹೋಯಿತು. ಚಕ್ಕುಲಿ, ಹಪ್ಪಳ, ಮದುವೆಯ ಗೋಳಿಬಜೆ. ಕಡೆಯ ಡಬ್ಬವನ್ನು ಬೆಂಕಿ ಚೆನ್ನಾಗಿ ಹತ್ತಿದ ಮೇಲೆ ರಘುರಾಮ ಉದ್ದ ಹಿಡಿಯ ಸೌಟಿನಲ್ಲಿ ದೂರದಿಂದ ಹುಯ್ದ. ಗಿರಿಜಮ್ಮ ಹೊಗೆ ಬಾರದ ಕಡೆಯ ಕಲ್ಲುಬೆಂಚಿನಲ್ಲಿ ಕುಳಿತು ಉಸಿರು ಬಿಗಿಹಿಡಿದಿದ್ದರು.

ಬೆಂಕಿಗೆ ಬಿದ್ದದ್ದೇ ಏಳು ವರ್ಷದ ಕಮಟು ಹಾರಿ, ನೀರುಳ್ಳಿಯೂ ಓಮವೂ ಉಳಿದವು. ಹೊಗೆ ಒಮ್ಮೆ ಮೇಲೆದ್ದು, ಬಾಗಿ, ನದಿಯ ಕಡೆಗೆ ಹೊರಟಿತು.

ಮೊದಲು, ಅತ್ತ ನಿಂತಿದ್ದ ಪಕ್ಕದ ಚಿತೆಯ ಮನೆಯವರಲ್ಲಿ ದಪ್ಪ ಮನುಷ್ಯನೊಬ್ಬ ತಲೆಯೆತ್ತಿ ಗೇಟಿನ ಕಡೆ ನೋಡಿದ. ಅಲ್ಲಿ ಬಜೆ ಮಾರುವ ಯಾವ ಗಾಡಿಯೂ ಇರಲಿಲ್ಲ. ಲಕ್ಷ್ಮೀನಾರಾಯಣರು ಬಿಸಿಲು ಜಾಸ್ತಿ ಎನ್ನುತ್ತಾ ನದಿಯ ಕಡೆಗೆ ಸರಿದರು. ಅಲ್ಲೂ ಅಷ್ಟೇ ಬಿಸಿಲಿತ್ತು. ಜಯಂತಿಭಾಯಿ ಮೊಬೈಲಿಗೆ ಸಿಗ್ನಲ್ ಹುಡುಕುತ್ತಾ ಅದೇ ದಿಕ್ಕಿಗೆ ಹೋದರು. ಹೋಟೆಲಿನ ಹುಡುಗರು ಕಟ್ಟಿಗೆ ಸರಿಮಾಡುವ ನೆಪದಲ್ಲಿ, ಸೊಸೈಟಿಯ ಗಂಡಸರು ಯಾವ ನೆಪವೂ ಇಲ್ಲದೆ. ಬೆಳಗಿನಿಂದ ಯಾರ ಹೊಟ್ಟೆಗೂ ಏನೂ ಬಿದ್ದಿರಲಿಲ್ಲ. ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ಮಂತ್ರ ಹೇಳುತ್ತಿದ್ದ ಆಚಾರ್ಯರು ನಡುವೆಯೇ ನಿಲ್ಲಿಸಿದರು. ಮೂಗಿನ ಹೊಳ್ಳೆ ಅರಳಿತು. ನಿಧಾನವಾಗಿ ತಿರುಗಿ ಬೆಂಚಿನ ಕಡೆ ನೋಡಿದರು.

“ಅಮ್ಮ,” ಎಂದರು. “ಹಪ್ಪಳವಾ?”

“ಹಪ್ಪಳವೇ,” ಎಂದರು ಗಿರಿಜಮ್ಮ.

ಆಚಾರ್ಯರು ಎಂಜಲು ನುಂಗಿದರು. ಪುಸ್ತಕ ಮಡಚಿ, ತುಪ್ಪದ ಬಟ್ಟಲು ಎತ್ತಿಕೊಂಡು, ಚಿತೆಯನ್ನು ಬಳಸಿ ನದಿಯ ಕಡೆಗೆ ಹೋಗಿ ಹೊಗೆಯ ನಡುವೆ ನಿಂತರು. ನಿಂತವರನ್ನು ಮೊಣಕೈಯಿಂದ ಒತ್ತಿ ತಮ್ಮ ಪಕ್ಕದಲ್ಲಿ ಒಬ್ಬರಿಗಾಗುವಷ್ಟು ಜಾಗ ಮಾಡಿ, “ಅಮ್ಮ, ಅಲ್ಲೆಂತ ಕೂತಿದ್ದೀರಿ? ಈಚೆ ಬನ್ನಿ,” ಎಂದು ಕರೆದು, ಕಣ್ಣು ಮುಚ್ಚಿಕೊಂಡು ಮಂತ್ರ ಮುಂದುವರಿಸಿದರು.