ಬಸವಮ್ಮ ಬಣ್ಣ ತಪ್ಪಿದ್ದು

ಬೆಟ್ಟದಪುರದ ಸುತ್ತ ಹತ್ತು ಹಳ್ಳಿಯಲ್ಲಿ ಹೊಗೆಸೊಪ್ಪಿನ ಬಣ್ಣ ಹೇಳುವುದರಲ್ಲಿ ಬಸವಮ್ಮನನ್ನು ಮೀರಿಸುವವರು ಇರಲಿಲ್ಲ. ಒಣಗಿಸುವ ಗೂಡಿನ ಬಿಸಿಯಲ್ಲಿ ಬೇಯಿಸಿ ತೆಗೆದ ಸೊಪ್ಪನ್ನು ಬಾಗಿಲ ಬೆಳಕಿಗೆ ಹಿಡಿದು, ಇದು ನಿಂಬೆ, ಇದು ಕಿತ್ತಳೆ, ಇದು ಕಂದು ಎಂದು ರಾಶಿ ಬೇರೆ ಮಾಡುತ್ತಿದ್ದಳು. ಅವಳು ಕಟ್ಟಿಸಿದ ಸೊಪ್ಪಿನ ಬೇಲು ಹರಾಜಿನಿಂದ ವಾಪಸು ಬಂದದ್ದೇ ಇಲ್ಲ. ಗಂಡ ಚಲುವಯ್ಯನಿಗೋ ನಿಂಬೆಯೂ ಒಂದೇ, ಕಿತ್ತಳೆಯೂ ಒಂದೇ. ಆದರೂ ವಾದ ಬಿಡುವ ಆಸಾಮಿಯಲ್ಲ. ಹೆಂಡತಿ ಹೇಳಿದ್ದಕ್ಕೆ ಮೊದಲ ಸಲಕ್ಕೇ ಹೂಂ ಎಂದರೆ ಅವನ ಮೀಸೆಗೆ ಅವಮಾನ.

ಮೈಸೂರಿನ ಡಾಕ್ಟರು ಕಣ್ಣಿನ ನರ ಒಣಗುತ್ತಿದೆ, ಇನ್ನೊಂದು ವರ್ಷ ಕಂಡರೆ ಹೆಚ್ಚು ಎಂದ ದಿನ ಬಸವಮ್ಮ ಅಳಲಿಲ್ಲ. ಊರು ಹತ್ತಿರವಾದಾಗ ಬಸ್ಸಿನ ಕಿಟಕಿಯಿಂದ ಬೆಟ್ಟ ನೋಡುತ್ತ, "ನಮ್ ಬೆಟ್ಟದ ಕಲ್ಲು ಬರೀ ಕಪ್ಪು. ಬ್ಯಾರೆ ಬಣ್ಣದ ಬೆಟ್ಟಗಳೂ ಇರ್ತವಂತೆ. ಕಣ್ಣು ಹೋಗೋದ್ರೊಳ್ಗೆ ನೋಡ್ಬೇಕು ಕಣ್ರೀ" ಎಂದಳು.

ಬೇಲು ಸಾಗಿಸುತ್ತಿದ್ದ ಹಳೇ ಟೆಂಪೋದೊಳಗೆ ಚಲುವಯ್ಯ ಮಂಚ ಬಿಗಿದ, ಒಲೆ ಕೂರಿಸಿದ, ನೀರಿನ ಡ್ರಮ್ಮು ಕಟ್ಟಿದ. ಎಷ್ಟು ತೊಳೆದರೂ ಹೊಗೆಸೊಪ್ಪಿನ ಘಾಟು ಮಾತ್ರ ಹೋಗಲಿಲ್ಲ. ಮೊದಲು ಬಾದಾಮಿಗೆ ಹೋದರು. ಅಲ್ಲಿಯ ಬಂಡೆಗಳ ಎದುರು ಬಸವಮ್ಮ ಇಡೀ ಮಧ್ಯಾಹ್ನ ಕೂತು, ಕೆಂಪಿನಲ್ಲೇ ಏಳು ಬಗೆ ಇದೆ ಎಂದಳು. ಮೂರೇ ಎಂದು ಚಲುವಯ್ಯ ಜಗಳ ತೆಗೆದ. ಮದುವೆಯಾದಂದಿನಿಂದ ಇಬ್ಬರೂ ಅಷ್ಟು ಸಂತೋಷವಾಗಿ ಜಗಳವಾಡಿರಲಿಲ್ಲ.

ಅಲ್ಲಿಂದ ಮಹಾರಾಷ್ಟ್ರ, ಗುಜರಾತು ದಾಟಿ ರಾಜಸ್ಥಾನದ ಕಡೆಗೆ ಒಂಬತ್ತು ದಿನದ ದಾರಿ. ನಡುವೆ ಒಂದು ಬೆಳಗ್ಗೆ ಬಸವಮ್ಮ ಟೀಯನ್ನು ಲೋಟದ ಪಕ್ಕಕ್ಕೆ ಸುರಿದಳು. ಗಾಡಿ ನಿಂತೇ ಇತ್ತು. ಆದರೂ ಚಲುವಯ್ಯ ರಸ್ತೆಯನ್ನೇ ಬೈದ.

ಜೈಸಲ್ಮೇರಿನಾಚೆ ಮರುಭೂಮಿಯ ರಾಷ್ಟ್ರೀಯ ಉದ್ಯಾನದಲ್ಲಿ, ಗಾಳಿ ಕೊರೆದ ಗುಡ್ಡವೊಂದರ ಎದುರು ಟೆಂಪೋ ನಿಂತಿತು. ಇಡೀ ಗುಡ್ಡ ಹಳದಿ. ಬಣ್ಣದ ಗಂಧವಿಲ್ಲದ ಚಲುವಯ್ಯನಿಗೂ ಗೊತ್ತಾಗುವಷ್ಟು ಹಳದಿ.

ಬಸವಮ್ಮ ಇಳಿದು, ಮುಖವೆತ್ತಿ, "ಅಬ್ಬಾ! ಬಾದಾಮಿಗಿಂತ ಕೆಂಪು ಕಣ್ರೀ" ಎಂದಳು.

ಚಲುವಯ್ಯ ಹಿಂದುಮುಂದು ನೋಡದೆ, "ಹೂಂ ಕಣಮ್ಮಿ, ಕೆಂಪು" ಎಂದುಬಿಟ್ಟ.

ಅವಳ ಮುಖದ ನಗು ಇಳಿಯಿತು. ಕೈ ಚಾಚಿ, ತಡವಿ, ಅವನ ತೋಳು ಹಿಡಿದಳು. "ಕೆಂಪಲ್ಲ, ಅಲ್ವಾ?"

"ಯಾರಂದೋರು?"

"ಮೂವತ್ತು ವರ್ಷದಲ್ಲಿ ನಾನ್ ಹೇಳಿದ್ದಕ್ಕೆ ಯಾವತ್ತು ಒಂದೇ ಸಲಕ್ಕೆ ಹೂಂ ಅಂದಿದ್ದೀರಿ?"

ಚಲುವಯ್ಯ ಹೆಗಲ ಟವೆಲನ್ನು ಕೈಗೆ ತೆಗೆದುಕೊಂಡ. ಆಮೇಲೆ, "ಯಾವಾಗಿಂದ?" ಎಂದ.

"ಗುಜರಾತಿಂದ. ಬೆಳಕು ಅಂತ ಗೊತ್ತಾಯ್ತದೆ, ಅಷ್ಟೇಯ. ಇಷ್ಟು ದೂರ ಗಾಡಿ ಹೊಡ್ಕಂಡು ಬಂದಿದ್ದೀರಿ. ಕಾಣಾಕಿಲ್ಲ ಅಂದ್ರೆ ನಿಮ್ ಜೀವ ತಡೀತಿತ್ತಾ?"

ತಡೆಯುತ್ತಿರಲಿಲ್ಲ. ಈಗಲೂ ತಡೆಯಲಿಲ್ಲ. ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತ. ಅತ್ತು ಮುಗಿಸಿ, "ವಾಪಸ್ ಹೋಗವಾ?" ಎಂದು ಕೇಳಿದ.

"ಯಾಕೆ? ನೀವು ನೋಡಿ ಹೇಳಿ."

"ನಂಗೆ ಬಣ್ಣ ಎಲ್ಲಿ ಗೊತ್ತಾಯ್ತದೆ?"

"ಸೊಪ್ಪು ಅನ್ಕಳಿ. ಕೆಳಗಿಂದ ಸುರು ಮಾಡಿ."

ಅವಳ ಕೈ ಹಿಡಿದು ಬಂಡೆಯ ಮೇಲಿಟ್ಟ. ಆಗ ತಾನೇ ಇಳಿಸಿದ ಸೊಪ್ಪಿನ ಹಾಗೆ ಬೆಚ್ಚಗಿತ್ತು. "ಕೆಳಗೆ ಕಂದು" ಎಂದ.

"ಎಂಥ ಕಂದು? ಸುಟ್ಟಿದ್ದೋ, ಹಣ್ಣಾಗಿದ್ದೋ?"

ಚಲುವಯ್ಯ ಮಂಡಿಯೂರಿ ನೋಡಿದ. ಹುಟ್ಟಿದ ಮೇಲೆ ಯಾವುದನ್ನೂ ಅಷ್ಟು ಹೊತ್ತು ನೋಡಿದವನಲ್ಲ. "ಹಣ್ಣಾಗಿದ್ದು. ಅದ್ರ ಮ್ಯಾಲೆ ಒಂದು ಗೇಣು ಕಿತ್ತಳೆ. ಅಂಚು... ಅಂಚು ನಿಂಬೆ." ಹೇಳಿದ ಮೇಲೆ ಅವನಿಗೇ ಆಶ್ಚರ್ಯವಾಯಿತು. ನಿಂಬೆ ಬೇರೆಯೇ, ಕಿತ್ತಳೆ ಬೇರೆಯೇ.

"ಅವಸರ ಬ್ಯಾಡ" ಎಂದಳು ಬಸವಮ್ಮ, ಕಣ್ಣು ಮುಚ್ಚಿಕೊಂಡು. "ಒಂದು ಬಣ್ಣಾನೂ ಬುಡಬ್ಯಾಡಿ. ನಾನು ನೋಡೋ ಕೊನೇ ಬೆಟ್ಟ ಇದು."

"ಕೊನೇದಲ್ಲ" ಎಂದು ಚಲುವಯ್ಯ ವಾದಕ್ಕೆ ನಿಂತ. "ನಮ್ಮೂರ ಬೆಟ್ಟ ನೀನಂದಂಗೆ ಬರೀ ಕಪ್ಪಲ್ಲ ಕಣೇ. ಹೋದ್ಮೇಲೆ ನೋಡಿ ಹೇಳ್ತೀನಿ, ಇರು."